ಹಂಸಾಬೆನ್‌ಗೆ ನಾನು ಕೊಡದ ಮೂರು ದಿನ

"ಅರ್ಧ ದಿನ ಮನೆಯಲ್ಲೇ ಇರ್ತೀರಲ್ಲ, ಅದೇ ನಿಮ್ಮ ರಜೆ" ಎಂದು ಹಂಸಾಬೆನ್‌ಗೆ ಹೇಳಿದವಳು ನಾನೇ. ಅದನ್ನೂ ನಗುನಗುತ್ತಾ ಹೇಳಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ.

ಗಂಡನಿಗೆ ಕೊಯಾಲಿಯ ರಿಫೈನರಿಗೆ ವರ್ಗವಾಗಿ ನಾವು ಧಾರವಾಡದಿಂದ ವಡೋದರಾಕ್ಕೆ ಬಂದು ನಾಲ್ಕು ವರ್ಷವಾಯಿತು. ಇಲ್ಲೊಂದು ಸಣ್ಣ ಡಯಾಗ್ನೋಸ್ಟಿಕ್ ಸೆಂಟರ್‌ನಲ್ಲಿ ಬೆಳಗಿನ ಹೊತ್ತು ಮಾತ್ರ ಫ್ರಂಟ್ ಡೆಸ್ಕ್ ನೋಡಿಕೊಳ್ಳುತ್ತೇನೆ. ಹಾಜರಿ ಪುಸ್ತಕವೂ ನನ್ನ ಕೈಯಲ್ಲೇ ಇರುವುದರಿಂದ ನನ್ನನ್ನು ನಾನೇ ಮ್ಯಾನೇಜರ್ ಅಂದುಕೊಂಡುಬಿಟ್ಟಿದ್ದೆ.

ಹಂಸಾಬೆನ್ ರಕ್ತ ತೆಗೆಯುವ ರೂಮಿನಲ್ಲಿ ಸಹಾಯಕಿ. ನನ್ನ ಹಾಗೆಯೇ ಪಾರ್ಟ್ ಟೈಮ್. ಏನೇ ಹೇಳಿದರೂ ಅವರ ಉತ್ತರ ಒಂದೇ, "ವಾಂಧೋ ನಹೀ." ಪರವಾಗಿಲ್ಲ, ಅಂತ.

ಕಳೆದ ಚಳಿಗಾಲದಲ್ಲಿ ಅವರು ಮೂರು ದಿನ ರಜೆ ಕೇಳಿದರು. ಸೂರತ್‌ನಲ್ಲಿರುವ ಒಬ್ಬಳೇ ಮಗಳ ಸೀಮಂತ. ನಮ್ಮ ಕಡೆ ಕುಬಸದಲ್ಲಿ ಉಡಿ ತುಂಬುತ್ತೇವಲ್ಲ, ಇಲ್ಲೂ ಹಾಗೆಯೇ ಮಡಿಲು ತುಂಬುತ್ತಾರೆ. ಮೊದಲ ಬಸಿರಿಗೆ ಮಾತ್ರ.

ಪಾರ್ಟ್ ಟೈಮ್‌ನವರಿಗೆ ರಜೆ ಇಲ್ಲ ಎಂದೆ. ಮೂರು ದಿನ ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ ಎಂದೂ ಸೇರಿಸಿದೆ. ಸೆಂಟರ್ ನಡೆಸುವ ಡಾಕ್ಟರನ್ನು ಒಂದು ಮಾತು ಕೇಳೋಣ ಅಂತ ಅನ್ನಿಸಲೇ ಇಲ್ಲ...

"ವಾಂಧೋ ನಹೀ" ಎಂದು ಗ್ಲೌಸ್ ಹಾಕಿಕೊಂಡು ಒಳಗೆ ಹೋದರು.

ಮುಹೂರ್ತ ಬೆಳಿಗ್ಗೆ ಹತ್ತಕ್ಕಿತ್ತು. ಆ ಹೊತ್ತಿಗೆ ಅವರು ನಮ್ಮಲ್ಲಿ ರಕ್ತ ತೆಗೆಯಲೆಂದು ಯಾರದೋ ತೋಳಿಗೆ ಪಟ್ಟಿ ಕಟ್ಟುತ್ತಿದ್ದರು. ಮಧ್ಯಾಹ್ನದ ಟ್ರೈನ್ ಹಿಡಿದು ಸೂರತ್ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಾಯಿಯ ಜಾಗದಲ್ಲಿ ಚಿಕ್ಕಮ್ಮ ನಿಂತಿದ್ದರಂತೆ.

ಹೋದ ತಿಂಗಳು ನನ್ನ ತಂಗಿಯ ಕುಬಸ ನಿಶ್ಚಯವಾಯಿತು. ಸಂಬಳ ಕತ್ತರಿಸಿದರೂ ಸರಿ ಎಂದುಕೊಂಡು ನೆಟ್ಟಗೆ ಡಾಕ್ಟರ್ ಹತ್ತಿರ ಹೋದೆ. ನೋಡಿ, ನನ್ನ ಮನೆಯ ವಿಷಯ ಅಂದಾಗ ಕೇಳುವ ಬುದ್ಧಿ ಬಂತು.

ಹೋಗಿ ಬನ್ನಿ, ಸಂಬಳ ಯಾಕೆ ಕತ್ತರಿಸಬೇಕು ಎಂದರು ಅವರು. ಪಾರ್ಟ್ ಟೈಮ್‌ನವರಿಗೂ ಕೆಲಸದ ಗಂಟೆಗೆ ತಕ್ಕಷ್ಟು ಸಂಬಳ ಸಹಿತ ರಜೆ ಇದೆ, ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲೇ ಬರೆದಿದೆಯಲ್ಲ, ಓದಿಲ್ಲವೇ ಎಂದು ಕೇಳಿದರು.

ಓದಿರಲಿಲ್ಲ. ಇಂಗ್ಲಿಷ್‌ನ ಎರಡು ಪುಟ, ಸಹಿ ಹಾಕಿ ಫೈಲ್‌ಗೆ ಸೇರಿಸಿದ್ದೆ. ಹಂಸಾಬೆನ್ ಲೆಟರ್ ಕೂಡ ಅದೇ ಫೈಲ್‌ನಲ್ಲಿದೆ, ಇಟ್ಟವಳೂ ನಾನೇ.

ಮರುದಿನ ಅವರಿಗೆ ಎಲ್ಲ ಹೇಳಿದೆ. ತಪ್ಪಾಯಿತು, ಉಳಿದ ರಜೆ ಈಗ ತೆಗೆದುಕೊಂಡು ಮೊಮ್ಮಗನ ಹತ್ತಿರ ಇದ್ದು ಬನ್ನಿ ಎಂದೆ. ಎಂಥ ಮಾತು! ಕಳೆದ ದಿನವನ್ನು ರಜೆ ಕೊಟ್ಟು ವಾಪಸ್ ತರುವವಳ ಹಾಗೆ...

ಅವರು ಒರೆಸುತ್ತಿದ್ದ ಟ್ರೇಯನ್ನು ಕೆಳಗಿಟ್ಟರು.

"ಆವತ್ತು ಮಗಳು ಹತ್ತು ಸಲ ಫೋನ್ ಮಾಡಿದಳು, ಬೆನ್. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂದಿದ್ದರೆ ಸಾಕಿತ್ತು. ನಾನೇ ಹೋಗಿ ಡಾಕ್ಟರನ್ನ ಕೇಳ್ತಿದ್ದೆ."

ವಾಂಧೋ ನಹೀ ಅನ್ನಲಿಲ್ಲ.

ಈಗ ಊರಿನ ಟ್ರೈನಿನಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ಬ್ಯಾಗಿನಲ್ಲಿ ತಂಗಿಗೆಂದು ಹಸಿರು ಸೀರೆ, ಖಣ, ಕೊಬ್ಬರಿ ಎಲ್ಲ ಇದೆ. ಜೊತೆಗೆ ಸಂಬಳ ಸಹಿತ ಮೂರು ದಿನದ ರಜೆ.

ನಾಳೆ ಅವಳ ಉಡಿ ತುಂಬುವಾಗ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ, ಹೇಳಿ?