ಖಾಲಿ ಪಟ್ಟಿ

ಕಸ ಗುಡಿಸುವವಳು ಇನ್ನೂ ಮೂರನೇ ಮಹಡಿ ಹತ್ತಿಲ್ಲ. ಆಫೀಸಿನಲ್ಲಿ ಎಲ್ಲರೂ ಲೆಕ್ಕದಕ್ಕ ಎನ್ನುವ ಇವರು ಆಗಲೇ ಪರದೆಯ ಮುಂದೆ ಕೂತಿದ್ದಾರೆ. ಚಪ್ಪಲಿ ಮೇಜಿನಡಿ, ಮೊಬೈಲು ಮಡಿಲಲ್ಲಿ. ಮಗಳು ನಿನ್ನೆಯಿಂದ ಹೆರಿಗೆ ಆಸ್ಪತ್ರೆಯಲ್ಲಿದ್ದಾಳೆ. ಅದೇ ಆಸ್ಪತ್ರೆಗೆ ಈ ಬೆಳಿಗ್ಗೆ ಒಂಬತ್ತಕ್ಕೆ ಇವರು ಪರೀಕ್ಷಿಸಿದ ಪ್ರೋಗ್ರಾಂ ಹೋಗಬೇಕು.

ಕೆಲಸವೇನೋ ಹೇಳುವುದಕ್ಕೆ ಸುಲಭ. ಒಂದು ಸಂಖ್ಯೆಯನ್ನು ಕಂಪ್ಯೂಟರು ಬೇರೆ ಬೇರೆ ಪದ್ಧತಿಗಳಲ್ಲಿ ಸರಿಯಾಗಿ ಬರೆಯುತ್ತದೆಯೇ ಎಂದು ನೋಡುವುದು. ನಮ್ಮ ಮೂವತ್ತೈದು ಎರಡರ ಪದ್ಧತಿಯಲ್ಲಿ 100011. ಅಂಕಿಗಳ ಜೊತೆ ಅಕ್ಷರಗಳನ್ನೂ ಬಳಸುವ ಮೂವತ್ತಾರರ ಪದ್ಧತಿಯಲ್ಲಿ ಬರೀ Z. ಕೂಸಿನ ನಂಬರು ಅಚ್ಚುಹಾಕಿ ಕೈಗೆ ಕಟ್ಟುವ ಪಟ್ಟಿ ಗೇಣುದ್ದವೂ ಇಲ್ಲ, ಆದ್ದರಿಂದ ಆಸ್ಪತ್ರೆಗೆ ಈ ಪುಟ್ಟ ಬರಹವೇ ಬೇಕಂತೆ.

ಗಂಡ ಹಾಸಿಗೆ ಹಿಡಿದ ಮೇಲೆ ಕೆಲಸಕ್ಕೆ ಸೇರಿದವರು ಇವರು. ಸೊಸೆ ಏನು ಮಾಡುತ್ತಾಳೆಂದು ಅತ್ತೆಗೆ ಇವತ್ತಿಗೂ ತಲೆಬುಡ ತಿಳಿದಿಲ್ಲ. ಯಾರೋ ಬರೆದದ್ದನ್ನು ತಿರುಗಿ ನೋಡುವುದಕ್ಕೂ ಸಂಬಳ ಕೊಡುತ್ತಾರಂತೆ ಎಂದು ಪಕ್ಕದ ಮನೆಯವರ ಹತ್ತಿರ ನಗುತ್ತಾರೆ.

ಪರೀಕ್ಷೆಯ ರೀತಿ ಹೀಗೆ: ಸಂಖ್ಯೆಯನ್ನು ಬರಹಕ್ಕೆ ತಿರುಗಿಸು, ಬರಹವನ್ನು ಮತ್ತೆ ಸಂಖ್ಯೆಗೆ ತಿರುಗಿಸು, ಎರಡೂ ಒಂದೇ ಆದರೆ ಪಾಸು. ಇವತ್ತು ಎಲ್ಲವೂ ಪಾಸು. ಪ್ರೋಗ್ರಾಂ ಬರೆದ ಹುಡುಗ ಕಳಿಸಿಬಿಡೋಣವೇ ಎಂದು ಎರಡು ಸಲ ಕೇಳಿಯಾಗಿದೆ. ಅಕ್ಕನಿಗೂ ಮಗಳ ಹತ್ತಿರ ಓಡುವ ಆತುರ. ಆದರೂ ಅಭ್ಯಾಸಬಲ, ಮೊದಲ ಕೆಲವು ಪಟ್ಟಿಗಳನ್ನು ಮುದ್ರಿಸಿ ಕೈಯಲ್ಲಿ ಹಿಡಿಯುತ್ತಾರೆ. ಸೊನ್ನೆಯ ಪಟ್ಟಿ ಖಾಲಿ!

ಅಕ್ಕ ಪ್ರೋಗ್ರಾಮನ್ನೇ ತೆರೆದು ನೋಡುತ್ತಾರೆ. ಭಾಗಿಸುತ್ತಾ ಹೋಗಿ ಶೇಷಗಳನ್ನು ಬರೆಯುವ ಪ್ರೋಗ್ರಾಂ ಅದು. ಸೊನ್ನೆಯಲ್ಲಿ ಭಾಗಿಸಲು ಏನೂ ಇಲ್ಲದ್ದರಿಂದ ಏನೂ ಬರೆದಿಲ್ಲ. ಖಾಲಿಯನ್ನು ತಿರುಗಿ ಓದಿದಾಗ ಸೊನ್ನೆಯೇ ಬಂದಿದೆ, ಅದಕ್ಕೇ ಪಾಸು. ಆಸ್ಪತ್ರೆಯಲ್ಲಿ ಎರಡು ವಾರ್ಡು, ಎರಡರ ಎಣಿಕೆಯೂ ಸೊನ್ನೆಯಿಂದಲೇ ಶುರು. ಅಂದರೆ ಪ್ರತಿ ವಾರ್ಡಿನ ಮೊದಲ ಕೂಸಿಗೆ ನಂಬರೇ ಇಲ್ಲ: ಎರಡು ಕೂಸು, ಎರಡು ಖಾಲಿ ಪಟ್ಟಿ.

"ನಿಂದೊಬ್ಬಂದೇ ತಪ್ಪಲ್ಲ ಕಣಪ್ಪ, ಪರೀಕ್ಷೆ ಬರ್ದಿದ್ದು ನಾನೇ," ಎನ್ನುತ್ತಾರೆ ಹುಡುಗನಿಗೆ.

ಅವನು ಕೂತು, ಸೊನ್ನೆಗೆ 0 ಎಂದೇ ಬರೆಯುವಂತೆ ಸರಿಮಾಡುತ್ತಾನೆ. ಅಕ್ಕ ಖಾಲಿ ಬರಹ ಪಾಸಾಗದಂತೆ ಪರೀಕ್ಷೆಯನ್ನೂ ತಿದ್ದಿ, ಎಲ್ಲ ಪದ್ಧತಿಗಳಲ್ಲೂ ಮೊದಲಿಂದ ಓಡಿಸುತ್ತಾರೆ. ಒಂಬತ್ತಕ್ಕೆ ಸ್ವಲ್ಪ ಮುಂಚೆ ಪ್ರೋಗ್ರಾಂ ಹೊರಡುತ್ತದೆ. ನೋವು ಜಾಸ್ತಿಯಾಗಿದೆ, ಒಳಗೆ ಕರೆದುಕೊಂಡು ಹೋದರು ಎಂದು ಅಳಿಯನ ಫೋನು. ಚಪ್ಪಲಿ ಮೆಟ್ಟಿಕೊಳ್ಳುತ್ತಿರುವ ಅಕ್ಕನನ್ನು, ಮೊಮ್ಮಗುವಿಗೆ ಯಾವ ನಂಬರು ಬಂದರೆ ಚೆನ್ನ ಎಂದು ಹುಡುಗ ಕೇಳುತ್ತಾನೆ.

"ಸೊನ್ನೇನೇ ಬರ್ಲಿ ಬಿಡಪ್ಪ. ಕೈಮೇಲೆ ಕಂಡ್ರೆ ಸಾಕು."