ಸಂಗಯ್ಯ ಮಾಸ್ತರರ ಮೊದಲ ಕೂ

ಸ್ಟೇಷನ್ ಮಾಸ್ತರ ಸಂಗಯ್ಯನವರು ಅರಬೈಲ್ ಹತ್ತಿರದ ಬಾಳೆಗದ್ದೆಗೆ ಬಂದು ಸೇರಿದ್ದು ೧೯೫೮ರ ದೀಪಾವಳಿ ಕಳೆದ ಮೇಲೆ. ಹುಬ್ಬಳ್ಳಿ ಬಸ್ಸಿನಿಂದ ಅವರ ಜೊತೆ ಇಳಿದದ್ದು ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ, ಮತ್ತು ಬೀಳ್ಕೊಡುಗೆಯಲ್ಲಿ ಸಿಕ್ಕಿದ್ದ, ಕೆಂಪು ಹಸಿರು ಗಾಜಿನ ಹಳೆಯ ರೈಲ್ವೆ ಕೈದೀಪ. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಐವತ್ತೈದು ತುಂಬಿ ರಿಟೈರ್ ಆದ ಬಯಲುಸೀಮೆಯ ಮನುಷ್ಯ ತನ್ನವರನ್ನೆಲ್ಲ ಬಿಟ್ಟು, ಗುರುತು ಪರಿಚಯ ಇಲ್ಲದ ಕಾಡೂರಿನಲ್ಲಿ ಒಬ್ಬನೇ ಬಂದು ಕೂತರೆ ಜನ ಏನೆಂದುಕೊಳ್ಳಬೇಕು? ಏನೋ ಮಾಡಿ ಓಡಿ ಬಂದಿರಬೇಕು ಅಂದರು ಕೆಲವರು. ನಿಧಿ ಹುಡುಕಲು ಬಂದಿದ್ದಾನೆ ಅಂದವರೂ ಇದ್ದರು.

ಸಂಗತಿ ಅಷ್ಟು ದೊಡ್ಡದೇನೂ ಅಲ್ಲ. ಸಂಗಯ್ಯನವರು ನೀರಿಗಾಗಿ ಬಂದಿದ್ದರು. ಗದಗಿನಾಚೆ ಅವರು ಮೂವತ್ತು ವರ್ಷ ದುಡಿದ ಸ್ಟೇಷನ್ನಿನಲ್ಲಿ ಮರವೆಂದರೆ ಎರಡು ಜಾಲಿ. ಕುಡಿಯುವ ನೀರು ವಾರಕ್ಕೆರಡು ಸಲ ಗೂಡ್ಸ್ ಗಾಡಿಯ ಟ್ಯಾಂಕಿನಲ್ಲಿ ಬರಬೇಕು, ಕೊಡ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಹರೆಯದಲ್ಲಿ ಒಮ್ಮೆ, ಸಾಹೇಬರೊಬ್ಬರ ಸಾಮಾನಿನ ಲಾರಿಯಲ್ಲಿ ಕಾರವಾರಕ್ಕೆ ಹೋಗುವಾಗ, ಅರಬೈಲ್ ಘಟ್ಟದಲ್ಲಿ ಬಂಡೆಯ ಸಂದಿನಿಂದ ಸುರಿಯುತ್ತಿದ್ದ ನೀರಿಗೆ ಬೊಗಸೆ ಒಡ್ಡಿದ್ದರು. ಅಷ್ಟು ನೀರು ಯಾರಿಗೂ ಬೇಡವಾಗಿ ಹರಿದುಹೋಗುತ್ತಿತ್ತು. ಸಾಯುವುದಾದರೆ ಇಂಥಲ್ಲಿ ಸಾಯಬೇಕು ಎಂದು ಆವತ್ತೇ ಮನಸ್ಸಿಗೆ ಹೊಕ್ಕಿತು. ಅದು ಹೊರಬೀಳಲೇ ಇಲ್ಲ.

ಫಾರೆಸ್ಟ್ ಗುತ್ತಿಗೆದಾರನ ಗುಮಾಸ್ತನೊಬ್ಬ ಬಿಟ್ಟುಹೋದ ಹೆಂಚಿನ ಮನೆ ಸಿಕ್ಕಿತು. ಬಾಳೆಗದ್ದೆಯೆಂದರೆ ಇವರದೂ ಸೇರಿ ಐದೇ ಮನೆ, ಒಂದೊಂದೂ ಒಂದೊಂದು ದಿಬ್ಬದ ಮೇಲೆ. ನಡುವೆ ಹಳ್ಳ, ಗದ್ದೆ, ಕಾಡು. ಎದುರು ದಿಬ್ಬದಲ್ಲಿ ಗೌರಕ್ಕ ಎಂಬ ವಿಧವೆ ಒಂದು ಆಕಳು ಕಟ್ಟಿಕೊಂಡು ಒಬ್ಬಳೇ ಇದ್ದಳು. ಎಡಗಡೆ ಅವಳ ಮೈದುನನ ಮಗ ಗಣಪ ಗಾಂವ್ಕರನ ದೊಡ್ಡ ಸಂಸಾರ.

ಬಂದ ದಿನವೇ ಎಡವಟ್ಟಾಯಿತು. ಮುಸ್ಸಂಜೆಗೆ ದೀಪ ಹಚ್ಚಿ ವಿಭೂತಿ ಧರಿಸುತ್ತಿದ್ದರು, ಎದುರು ದಿಬ್ಬದಿಂದ ಉದ್ದಕ್ಕೆ ಒಂದು ದನಿ ಬಂತು: 'ಕೂ…'

ಸಂಗಯ್ಯನವರ ವಿಭೂತಿಯ ಕೈ ಹಣೆಯಲ್ಲೇ ನಿಂತಿತು. ಅವರ ತಾಯಿ ಸಿದ್ದವ್ವ ಚಿಕ್ಕಂದಿನಲ್ಲೇ ಹೇಳಿಟ್ಟಿದ್ದಳು: ಹೊತ್ತು ಮುಳುಗಿದ ಮೇಲೆ ಹೊರಗೆ ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು, ಮನುಷ್ಯರಾದವರು ಮೂರು ಸಲ ಕರೆಯುತ್ತಾರೆ. ರೈಲ್ವೆ ರೂಲ್ಸ್ ಪುಸ್ತಕವನ್ನು ಬಾಯಿಪಾಠ ಮಾಡಿದ್ದ ಮಾಸ್ತರರು ಆ ವಿಷಯದಲ್ಲಿ ಮಾತ್ರ ತಾಯಿಯ ಮಗ. ಬಾಗಿಲಿಗೆ ಅಗಳಿ ಹಾಕಿ ಕೂತರು.

ಸ್ವಲ್ಪ ಹೊತ್ತಿಗೆ ಗಣಪ ಸೂಡಿ ಹಚ್ಚಿಕೊಂಡು, ಆ ಒಣಗರಿಯ ಪಂಜಿನ ಬೆಳಕಲ್ಲಿ ಏದುಸಿರು ಬಿಡುತ್ತ ಅಂಗಳಕ್ಕೆ ಬಂದ. ಮಾಸ್ತರರು ಕಿಟಕಿಯಿಂದಲೇ, ಟಿಕೆಟ್ಟಿಲ್ಲದೆ ಒಳನುಗ್ಗಿದವನನ್ನು ಕೇಳುವ ದನಿಯಲ್ಲಿ, "ಯಾಕ್ರೀ, ಏನ್ ಬೇಕಾಗಿತ್ತು?" ಎಂದರು.

ಗಣಪ ಅವರನ್ನೊಮ್ಮೆ, ಉರಿಯುವ ದೀಪವನ್ನೊಮ್ಮೆ ನೋಡಿದ. "ಎಂತ ಇಲ್ಲೆ ಮಾರಾಯ್ರೆ, ಸುಮ್ನೆ ಬಂದಿದ್ದೆ," ಎಂದು ತಿರುಗಿ ಹೋದ.

ಮರುದಿನವೂ ಹಾಗೇ ಆಯಿತು. ಮೂರನೆಯ ದಿನವೂ ಗಣಪ ಓಡಿ ಬಂದ, ಕಿಟಕಿಯಿಂದ ಅದೇ ಪ್ರಶ್ನೆ ಕೇಳಿಸಿಕೊಂಡು ಹೋದ. ನಾಲ್ಕನೆಯ ದಿನ ಬರಲಿಲ್ಲ. ಯಾಕೆ ಬಂದಿದ್ದೆ ಎಂದು ಅವನು ಹೇಳಬಹುದಿತ್ತು. ಆದರೆ ಹುಟ್ಟಿದಂದಿನಿಂದ ಮಾಡಿಕೊಂಡು ಬಂದದ್ದನ್ನು ಯಾರಾದರೂ ಬಿಡಿಸಿ ಹೇಳುತ್ತಾರೆಯೇ? ಇವರೂ ಕೇಳಬಹುದಿತ್ತು. ಇವರಿಗೆ ಬಿಗುಮಾನ.

ಕೂ ಮಾತ್ರ ನಿಲ್ಲಲಿಲ್ಲ. ದಿನಾ ಮುಸ್ಸಂಜೆ ಗೌರಕ್ಕ ಒಂದು ಸಲ ಕೂ ಹಾಕುವಳು, ಗಣಪನ ಮನೆಯಿಂದ ಒಂದು ಕೂ ಬರುವುದು, ಆಚೆಯ ಎರಡು ಮನೆಗಳಿಂದ ಇನ್ನೆರಡು. ಸ್ವಲ್ಪ ಬಿಟ್ಟು ಗೌರಕ್ಕ ಮತ್ತೊಂದು ಹಾಕಿ ಸುಮ್ಮನಾಗುವಳು. ದೆವ್ವವಲ್ಲ ಎಂದು ವಾರದಲ್ಲೇ ತಿಳಿಯಿತು. ತಮ್ಮ ಬಗ್ಗೆಯೇ ಏನೋ ಗೇಲಿ ಇರಬೇಕು ಎಂದುಕೊಂಡರು. ಹಾಗಂತ ಕೈ ಸುಮ್ಮನಿರಬೇಕಲ್ಲ. ಜೇಬಿನ ಗಡಿಯಾರ ತೆಗೆದು ಹೊತ್ತು ನೋಡುವುದು ಚಟವಾಯಿತು. ಆರು ಹದಿನೈದು. ಸಂಕ್ರಾಂತಿ ದಾಟಿದ ಮೇಲೆ ಆರೂವರೆ. ಮುದುಕಿಗೆ ಟೈಮಿನ ಶಿಸ್ತಿಲ್ಲ ಎಂದು ಮೊದಮೊದಲು ಸಿಡುಕಿದರು. ಅವಳ ಟೈಮ್ ಟೇಬಲ್ ಸೂರ್ಯನದು ಎಂದು ಹೊಳೆಯಲು ಮಾಸ್ತರರಿಗೆ ಎರಡು ತಿಂಗಳು ಬೇಕಾಯಿತು.

ನೀರೇನೋ ಸಿಕ್ಕಿತು. ಮನೆಯ ಹಿಂದೆಯೇ ಗುಡ್ಡದಿಂದ ಇಳಿಯುವ ಅಬ್ಬಿ ನೀರು, ಸೀಳಿದ ಅಡಕೆ ಮರದ ದೋಣಿಯಲ್ಲಿ ಹಗಲೂ ರಾತ್ರಿ ಬಂದು ಬೀಳುತ್ತಿತ್ತು. ಮನುಷ್ಯರು ಸಿಗಲಿಲ್ಲ. ದಾರಿಯಲ್ಲಿ ಎದುರಾದರೆ, "ಊಟ ಆತ?" ಎಂದು ಕೇಳಿ ಮುಂದೆ ಹೋಗುವರು. ಆರು ತಿಂಗಳಲ್ಲಿ ಒಬ್ಬರೂ ಅವರ ಜಗಲಿಯಲ್ಲಿ ಕೂತಿರಲಿಲ್ಲ. ಈ ಜನಕ್ಕೆ ನಾನು ಬೇಡ ಎಂಬುದು ಅವರಿಗೆ ಖಾತ್ರಿಯಾಯಿತು. ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ತಮ್ಮನ ಮಗ ಶಿವಪುತ್ರಪ್ಪ ಬರೆದ: ಮಳೆಗಾಲ ಹಿಡಿಯುವ ಮೊದಲು ಬಂದುಬಿಡ್ರಿ, ಒಂದು ಖೋಲಿ ಖಾಲಿ ಇದೆ. ಸಂಗಯ್ಯನವರು ಎರಡು ದಿನ ಸಂಕಟಪಟ್ಟು, ತಿಂಗಳ ಕೊನೆಗೆ ಬರುತ್ತೇನೆಂದು ಉತ್ತರ ಬರೆದು, ಅಂಚೆಗೆ ಹಾಕಲು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಜೀವಮಾನದ ಆಸೆ ಆರು ತಿಂಗಳಿಗೆ ಮುಗಿಯಿತಲ್ಲ ಎಂದು ಅವರಿಗೆ ಅಳು ಬಂದಿತ್ತು.

ಆ ಶನಿವಾರ ಗಣಪನ ಮನೆಯವರೂ ಆಚೆಯ ಎರಡು ಮನೆಯವರೂ ಯಲ್ಲಾಪುರಕ್ಕೆ ಮದುವೆಗೆ ಹೋಗಿದ್ದರು. ಸಂಜೆ ಏಳಾಯಿತು, ಕೂ ಇಲ್ಲ. ಏಳೂ ಹತ್ತು. ಮಾಸ್ತರರು ಅಂಗಳಕ್ಕಿಳಿದು ಕಿವಿಗೊಟ್ಟು ನಿಂತರು. ಎದುರು ದಿಬ್ಬದಲ್ಲಿ ದೀಪವೂ ಇಲ್ಲ.

ಮುಂದಿನ ಸ್ಟೇಷನ್ನು ಮಾತಾಡದಿದ್ದರೆ ಸುಮ್ಮನೆ ಕೂರುವ ಸ್ಟೇಷನ್ ಮಾಸ್ತರ ಎಲ್ಲೂ ಇಲ್ಲ. ಸಂಗಯ್ಯನವರು ಕೈದೀಪ ಹಚ್ಚಿಕೊಂಡು, ಪಂಚೆ ಎತ್ತಿ ಕಟ್ಟಿ, ಆರು ತಿಂಗಳಲ್ಲಿ ಒಮ್ಮೆಯೂ ದಾಟದ ಹಳ್ಳಕ್ಕೆ ಇಳಿದರು. ಹಳ್ಳದ ಆಚೆ, ಗೋಡೆಯಂತೆ ನಿಂತ ಮಣ್ಣಿನ ದರೆಯ ಕೆಳಗೆ ಗೌರಕ್ಕ ಹುಲ್ಲಿನ ಹೊರೆಯ ಪಕ್ಕ ಕಾಲು ಚಾಚಿ ಕೂತಿದ್ದಳು. ಕಾಲು ಉಳುಕಿ ಕುಂಬಳಕಾಯಿಯಾಗಿತ್ತು.

"ಯಾರು? ಮಾಸ್ತರ?" ಎಂದಳು. "ಮೂರು ಮೂರು ಸಲ ಕೂ ಹಾಕಿದ್ದೆ. ದರೆ ಅಡ್ಡ ಆಗಿ ಮೇಲೆ ಕೇಳಿದ್ದಿಲ್ಲೆ ಕಾಣ್ತು."

"ಕೇಳಿಸ್ಲಿಲ್ರೀ ಅಕ್ಕಾರ. ಕೇಳಿಸ್ಲಿಲ್ಲಂತನ ಬಂದೆ."

ಮಡಿ ಹೆಂಗಸು, ಕೈ ಹಿಡಿಯಲು ಇಬ್ಬರೂ ಹಿಂದೆ ಮುಂದೆ ನೋಡಿದರು. ಆಮೇಲೆ ಗೌರಕ್ಕ, "ನಾಳೆ ಮಿಂದ್ರಾತು," ಎಂದು ಅವರ ಹೆಗಲಿಗೆ ಕೈ ಹಾಕಿದಳು. ಮನೆ ಸೇರಿ, ಕಾಲಿಗೆ ಬಿಸಿ ಉಪ್ಪಿನ ಗಂಟು ಇಟ್ಟು, ಆಕಳಿಗೆ ಹುಲ್ಲು ಹಾಕಿದ ಮೇಲೆ ಸಂಗಯ್ಯನವರು ಕಡೆಗೂ ಕೇಳಿದರು.

"ದಿನಾ ಸಂಜಿಗೆ ಅದ್ಯಾಕ ಕೂಗತೀರಿ?"

ಗೌರಕ್ಕ ಅವರ ಮುಖವನ್ನೇ ನೋಡಿದಳು. "ಎಂತಕ್ಕೆ ಅಂದ್ರೆ? ಒಂದೊಂದೇ ಮನೆ. ಹಾವೋ ಹುಲಿಯೋ ಜ್ವರವೋ, ಯಾರಿಗೆ ಗೊತ್ತಾಗ್ತು? ಕೂ ಹಾಕಿದ್ರೆ ತಿರುಗಿ ಕೂ ಹಾಕವು. ಇದ್ದಿ ಹೇಳಿ."

"ಕಡೀಕ ಇನ್ನೊಂದು ಹಾಕತೀರಲ್ರೀ, ಅದು?"

"ಅದು ನಿಮ್ಗೇ."

ಸಂಗಯ್ಯನವರು ಬಾಗಿಲಾಚೆ, ಹಳ್ಳದ ಆ ಬದಿಯ ತಮ್ಮ ಮನೆಯತ್ತ ತಿರುಗಿ ನೋಡಿದರು.

"ಮೊದ್ಲು ಗಣಪ ಓಡಿ ಬತ್ತಿದ್ದ. ನಿಮ್ಗೆ ಸಿಟ್ಟು ಬತ್ತು ಅಂದ. ಅದ್ಕೆ ಆನು ಇಲ್ಲಿಂದ್ಲೇ ಕೂ ಹಾಕಿ, ನಿಮ್ಮನೆ ದೀಪ ನೋಡ್ತೆ. ದೀಪ ಕಂಡ್ರೆ, ಹಾಂ, ಇದ್ದ ಹೇಳಿ ಒಳಗೆ ಹೋಗಿ ಫಳಾರ ಮಾಡ್ತೆ."

ಮೂವತ್ತು ವರ್ಷ ಸಂಗಯ್ಯನವರು, ಗಾಡಿ ಬಿಡಲೇ ಎಂದು ಪಕ್ಕದ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಕೇಳಿದವರಿಗೆ ಉತ್ತರ ಕೊಡದೆ ಬಿಟ್ಟವರಲ್ಲ. ಜ್ವರದಲ್ಲಿ ಕೊಟ್ಟಿದ್ದರು, ಹೆಂಡತಿಯ ಹೆಣ ಒಳಗಿದ್ದಾಗಲೂ ಎದ್ದು ಹೋಗಿ ಕೊಟ್ಟಿದ್ದರು. ಈ ಹೆಂಗಸು ಆರು ತಿಂಗಳು ಕೇಳಿದ್ದಾಳೆ, ನಾನು ಅಗಳಿ ಹಾಕಿಕೊಂಡು ಗಡಿಯಾರ ನೋಡಿದ್ದೇನೆ. ನಾಚಿಕೆಯಿಂದ ತಲೆ ತಗ್ಗಿಸಿ, ಕೈದೀಪ ಎತ್ತಿಕೊಂಡು ಮನೆಗೆ ಹೋದರು.

ಭಾನುವಾರ ಮಧ್ಯಾಹ್ನ ಮದುವೆಗೆ ಹೋದವರೆಲ್ಲ ತಿರುಗಿ ಬಂದರು. ಸಂಜೆ ಗೌರಕ್ಕ ಕುಂಟುತ್ತ ಜಗಲಿಗೆ ಬಂದು ಕೂ ಹಾಕಿದಳು. ಮೂರು ಮನೆಯಿಂದಲೂ ಬಂತು. ಆಮೇಲೆ ಗೌರಕ್ಕನ ಆ ಕೊನೆಯ ಕೂ. ಸಂಗಯ್ಯನವರು ಅಂಗಳದ ಅಂಚಿಗೆ ಬಂದು, ಗಂಟಲು ಸರಿಮಾಡಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದರು. ಮನುಷ್ಯರಾದವರು ಎಷ್ಟು ಸಲ ಕರೆಯುತ್ತಾರೆಂದು ತಾಯಿ ಹೇಳಿದ್ದಳಷ್ಟೆ. ಅದರಂತೆ ಮೂರು ಸಲ, ಎಕ್ಸ್‌ಪ್ರೆಸ್ಸು ಬಂದಂತೆ, ಕೂ ಹಾಕಿದರು.

ಬಾಳೆಗದ್ದೆಯಲ್ಲಿ ಒಂದು ಕೂ ಎಂದರೆ ಇದ್ದೇನೆ ಎಂದು. ಮೂರು ಕೂ ಎಂದರೆ ಇದ್ದಲ್ಲಿಂದ ಓಡಿ ಬನ್ನಿ ಎಂದು.

ಮೂರು ದಿಬ್ಬಗಳಿಂದಲೂ ಸೂಡಿಗಳು ಇಳಿದವು. ಗಣಪ ಕತ್ತಿ ಹಿಡಿದು ಬಂದ, ಅವನ ಹೆಂಡತಿ ಹಾವಿನ ಔಷಧದ ಬೇರು ಹಿಡಿದು ಬಂದಳು. ಆಚೆಮನೆಯ ಇಬ್ಬರು ಜ್ವರದವರನ್ನು ಹೊರಲು ಕಂಬಳಿ, ಗಳು ತಂದಿದ್ದರು. ಹನ್ನೊಂದು ಜನ ಅಂಗಳದಲ್ಲಿ ಏದುಸಿರು ಬಿಡುತ್ತ ನಿಂತರು.

"ಎಂತ ಆತು ಮಾಸ್ತರೆ?" ಎಂದ ಗಣಪ.

ಸಂಗಯ್ಯನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕಣ್ಣು ತುಂಬಿ ಸೂಡಿಗಳ ಬೆಳಕೆಲ್ಲ ಒಂದಾಗಿ ಕಂಡಿತು.

"ಏನೂ ಆಗಿಲ್ರೀ," ಎಂದರು. "ಇದ್ದೀನಿ ಅಂತ ಹೇಳಿದೆ."

ಯಾರೂ ನಗಲಿಲ್ಲ. ಗಣಪ ಕತ್ತಿಯನ್ನು ಕಂಬಕ್ಕೆ ಒರಗಿಸಿ ಜಗಲಿಯ ಮೇಲೆ ಕೂತ, ಉಳಿದವರೂ ಕೂತರು. ಮಾಸ್ತರರು ಬೆಲ್ಲ ನೀರು ಕೊಡಲು ಒಳಗೆ ಹೋದರು. ಒಲೆಯಲ್ಲಿ ಕೆಂಡ ಆರಿತ್ತು. ಚಹಾಕ್ಕೂ ನೀರಿಡಬೇಕೆಂದು, ಒಲೆ ಹೊತ್ತಿಸಲು, ಶಿವಪುತ್ರಪ್ಪನಿಗೆ ಬರೆದು ಜೇಬಿನಲ್ಲಿಟ್ಟಿದ್ದ ಕಾಗದವನ್ನು ತೆಗೆದರು.