ನಾವೆ ಹತ್ತಲೊಲ್ಲದ ನೋಹನ ಹೆಂಡತಿ

ಮೊನ್ನೆ ಜಾನ್ಸನ್‌ವಿಲ್‌ನಲ್ಲಿ ಯಾರೋ ಬೇಲಿಗೆ ಬಣ್ಣ ಬಳಿಯುತ್ತಿದ್ದರು. ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನೋಹನ ನಾವೆ ನೆನಪಾಯಿತು. ನಗಬೇಡಿ, ಆ ನಾವೆಗೆ ಬಣ್ಣ ಬಳಿದವನು ನಾನೇ. ಅರ್ಧ ಬಣ್ಣ ನನ್ನ ಪ್ಯಾಂಟಿಗೇ ಸಂದಿತ್ತು.

ಭೂಮಿಯ ದಕ್ಷಿಣ ತುದಿಯ ಈ ದೇಶಕ್ಕೆ ನಾನು ಬಂದದ್ದು ಯುರೋಪಿನ ಹಳೆಯ ನಾಟಕಗಳನ್ನು ಓದಲು. ಓದು ಮುಗಿಸಿ ಇನ್ಶೂರೆನ್ಸ್ ಆಫೀಸು ಸೇರಿದೆ. ಆ ಓದಿನ ಬಗ್ಗೆ ಕುತೂಹಲದಿಂದ ಕೇಳಿದವರು ಒಬ್ಬರೇ, ಅಪ್ಪರ್ ಹಟ್‌ನ ಸರೋಜಿನಿ ಆಂಟಿ. ಹುಬ್ಬಳ್ಳಿಯವರು, ಆಸ್ಪತ್ರೆಯಲ್ಲಿ ನರ್ಸ್. ಅವರ ಮನೆಯ ಚಹಾದ ಆಸೆಗೆ ನಾನು ಭಾನುವಾರ ಹೋಗುತ್ತಿದ್ದೆ. ಒಮ್ಮೆ ಹೇಳಿದೆ: ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಚರ್ಚಿನ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ, ಜನಕ್ಕೆ ಅರ್ಥವಾಗದು. ಮುಂದೆ ಊರಿನ ಕಸುಬಿನವರೇ ಬೈಬಲ್ ಕಥೆಗಳನ್ನು ತಮ್ಮ ಆಡುಮಾತಿನಲ್ಲಿ ಬೀದಿಗೆ ತಂದು, ಬಂಡಿಗಳ ಮೇಲೆ ಆಡಿದರು. ಹಡಗು ಕಟ್ಟುವವರದು ನೋಹನ ಕಥೆ, ಪ್ರಳಯ ಬರುತ್ತದೆಂದು ದೇವರು ಎಚ್ಚರಿಸಿದಾಗ ನಾವೆ ಕಟ್ಟಿ ಮನೆಯವರನ್ನು ಉಳಿಸಿಕೊಂಡವನದು. ಒಂದು ಊರಿನ ಆಟದಲ್ಲಿ ನೋಹನ ಹೆಂಡತಿ ಗೆಳತಿಯರನ್ನು ಬಿಟ್ಟು ಬರುವುದಿಲ್ಲವೆಂದು ಜಗಳಕ್ಕೇ ನಿಲ್ಲುತ್ತಾಳೆ. ಕೊನೆಗೆ ಮಕ್ಕಳು ಅವಳನ್ನು ನಾವೆಗೆ ಎತ್ತಿ ಹಾಕುತ್ತಾರೆ.

"ಬೈಬಲ್‌ನಾಗ ಆಕಿ ಬಾಯಿನ ತಗಿಯೂದಿಲ್ಲಲ್ಲಪಾ!" ಎಂದರು ಆಂಟಿ. ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದು, "ಇದನ್ನ ನಾವೂ ಆಡೂಣು" ಎಂದರು.

ಅವರ ಚರ್ಚಿನ ಕನ್ನಡದವರು ಒಪ್ಪಿದರು. ಹಿಂಬದಿ ತೆರೆದ ಗಾಡಿಗೆ ಇಲ್ಲಿ ಯೂಟ್ ಎನ್ನುತ್ತಾರೆ. ಅದರ ಸುತ್ತ ಪ್ಲೈವುಡ್ ಕಟ್ಟಿದೆವು, ನಾವೆಯಾಯಿತು. ಆಂಟಿಯ ಗಂಡ ಸ್ಯಾಮುವೆಲ್ ಅಂಕಲ್ ನೋಹ, ಆಂಟಿ ನೋಹನ ಹೆಂಡತಿ, ಮೊಮ್ಮಗಳು ರೂತ್ ಪಾರಿವಾಳ. ಮಾತುಗಳು ನನ್ನವು: "ಹೇ ಪ್ರಾಣವಲ್ಲಭೆ, ಪ್ರಳಯಜಲವು ಸನ್ನಿಹಿತವಾಗಿದೆ" ಎಂಬ ಧಾಟಿಯವು. ಆಡುಮಾತಿನ ನಾಟಕದ ಮೇಲೆ ಥೀಸಿಸ್ ಬರೆದ ಪಂಡಿತ ನಾನು!

ಚರ್ಚಿನ ಕಾರ್ ಪಾರ್ಕಿನಲ್ಲಿ, ಬಿಸಿಲಿನಲ್ಲಿ, ನಾಟಕ. ಅಂಕಲ್ ನಾವೆಯಿಂದ ನನ್ನ ಸಾಲನ್ನು ಗಂಭೀರವಾಗಿ ಹೇಳಿ ಕೈ ಚಾಚಿದರು. ಆಂಟಿ ಕದಲಲಿಲ್ಲ.

"ನಾ ಬರೂದಿಲ್ರೀ. ನಮ್ಮ ರತ್ನಾ ಹೊರಗ ಉಳದಾಳ."

ನಾಟಕದಲ್ಲಿ ರತ್ನಾ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಹುಬ್ಬಳ್ಳಿಯಲ್ಲಿ ಒಬ್ಬರೇ ಇದ್ದ ಆಂಟಿಯ ತಂಗಿ ಅವರು. ಒಮ್ಮೆ ಕರೆಸಿಕೊಳ್ಳೋಣವೆಂದು ಆಂಟಿ ಕೇಳುವುದನ್ನೂ, "ಮುಂದಿನ ವರ್ಷ ನೋಡೂಣು" ಎಂದು ಅಂಕಲ್ ಪೇಪರ್ ತಿರುವುವುದನ್ನೂ ನಾನೇ ಎಷ್ಟೋ ಸಲ ಕಂಡಿದ್ದೆ.

"ಸರೋಜಾ, ಎಲ್ಲಾರೂ ನೋಡಾಕತ್ತಾರ," ಅಂಕಲ್ ಪಿಸುಗುಟ್ಟಿದರು.

"ನೋಡ್ಲಿ. ಮುಂದಿನ ವರ್ಷ ಬಾ ಅಂದ್ರ ನೀರು ಕೇಳ್ತೈತೇನ್ರೀ?"

ಇದೂ ನಾಟಕವೆಂದು ಜನ ನಕ್ಕರು. ಅಂಕಲ್ ನಗಲಿಲ್ಲ. ಆಂಟಿಯನ್ನು ಎತ್ತಿ ಹಾಕಬೇಕಿದ್ದ ಹುಡುಗರು ನನ್ನ ಮುಖ ನೋಡಿದರು. ನಾನು ಗಾಡಿಯ ಚಕ್ರ ನೋಡಿದೆ.

ಆಗ ಪಾರಿವಾಳ ಕೂಗಿತು: "ಅಜ್ಜಿ, ದೇರ್ ಈಸ್ ರೂಮ್! ಶೀ ಕೆನ್ ಸ್ಲೀಪ್ ವಿತ್ ಮೀ!"

ಅಂಕಲ್ ಕೆಳಗಿಳಿದರು. ನೋಹನ ಗಡ್ಡವನ್ನು ಕಿವಿಯಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೆಂಡತಿಯ ಎದುರು ನಿಂತರು.

"ಕರಸೂಣು. ಈ ಬ್ಯಾಸಗಿಗೇ."

"ಖರೇನ?"

"ಖರೇನ. ಹತ್ತು ಈಗ."

ಆಂಟಿ ಅವರ ಭುಜ ಹಿಡಿದು ಹತ್ತಿದರು.

ಇಲ್ಲಿ ಬೇಸಿಗೆ ಶುರುವಾಗುವುದು ಡಿಸೆಂಬರಿಗೆ; ಆ ಡಿಸೆಂಬರಿನಲ್ಲೇ ರತ್ನಾ ಆಂಟಿ ಬಂದರು. ಸಮುದ್ರ ನೋಡಿದರು, ಇಲ್ಲಿಯ ಗಾಳಿಯನ್ನು ಬಾಯ್ತುಂಬ ಬೈದರು, ರೂತ್‌ಳ ಕೋಣೆಯಲ್ಲೇ ಮಲಗಿದರು. ಬೇಸಿಗೆ ಮುಗಿದು ಹೊರಟಾಗ ಅಕ್ಕತಂಗಿಯರು ಅಳಲಿಲ್ಲ. ಮುಂದಿನ ಸಲ ಅಕ್ಕ ಹುಬ್ಬಳ್ಳಿಗೆ ಬರುವ ಮಾತು ಏರ್‌ಪೋರ್ಟಿನಲ್ಲೇ ಆಯಿತು.

ಈ ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ರಾತ್ರಿ ಅವನನ್ನು ನೋಡಲು ಹೋದ ಕುರಿ ಕಾಯುವವರ ನಾಟಕವಂತೆ. ಬರೆದುಕೊಡಲು ನನ್ನನ್ನೇ ಕೇಳಿದ್ದಾರೆ. ಪಾತ್ರ ಮಾಡುವವರಲ್ಲಿ ಒಬ್ಬರು ಪ್ಲಂಬರ್, ಇಬ್ಬರು ನರ್ಸುಗಳು. ನಾನಿನ್ನೂ ಒಂದಕ್ಷರ ಬರೆದಿಲ್ಲ. ಶನಿವಾರ ಅವರನ್ನೆಲ್ಲ ಊಟಕ್ಕೆ ಕರೆದಿದ್ದೇನೆ. ಮೊದಲು ಅವರು ಮಾತಾಡಲಿ.